ಒಂದು ಹಲಸಿನ ಮರಕ್ಕೆ ನಾಲ್ಕು ಡಿವಿಆರ್

ಗುಂಡ್ಯದ ಹತ್ತಿರ ನಾನು ಕ್ಯಾಮರಾ ಹಾಕಿಕೊಟ್ಟ ಮನೆಯೊಂದಕ್ಕೆ ಹಾಡುಹಗಲಲ್ಲೇ ಚಿರತೆ ನುಗ್ಗಿತ್ತು. ನಾಯಿಯ ಕುತ್ತಿಗೆಗೆ ಬಾಯಿ ಹಾಕಿ ಇನ್ನೇನು ಜಗಲಿ ಇಳಿಯಬೇಕು, ತಲೆಯೆತ್ತಿ ನೋಡಿದರೆ ನನ್ನ ಕ್ಯಾಮರಾ. ನಾಯಿಯನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟು, ಮಡಚಿಹೋದ ಅದರ ಕಿವಿಯನ್ನು ನೇರ ಮಾಡಿ, ಮೂರು ಹೆಜ್ಜೆ ಹಿಂದಕ್ಕೆ ನಡೆದು, ತಲೆ ತಗ್ಗಿಸಿ ಕಾಡಿಗೆ ಹೋಯಿತು. ಆ ನಾಯಿ ಈಗಲೂ ಇದೆ. ನಂಬದವರು ಹೋಗಿ ಅದನ್ನೇ ಕೇಳಬಹುದು.

ನನ್ನ ಹೆಸರು ಲತೀಶ್. ಕಡಬ ಪೇಟೆಯಲ್ಲಿ ಸಿಸಿಟಿವಿ ಅಂಗಡಿ. ಪಾಲುದಾರ ಶುಕೂರ್ ಕೌಂಟರಿನಲ್ಲಿ ಕುಳಿತು ಬಂದವರಿಗೆಲ್ಲ ಸತ್ಯ ಹೇಳುತ್ತಾನೆ. ಆದ್ದರಿಂದ ವ್ಯಾಪಾರ ಮಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಕಡಬ, ಸುಳ್ಯ, ಪುತ್ತೂರು, ಮೂರು ತಾಲೂಕಿನಲ್ಲಿ ನಾನು ಹಾಕಿದ ಕ್ಯಾಮರಾಗಳನ್ನು ಸಾಲಾಗಿ ಇಟ್ಟರೆ ಮಂಗಳೂರು ದಾಟಿ ಉಳಿದದ್ದು ಸಮುದ್ರಕ್ಕೆ ಬೀಳುತ್ತದೆ.

ಊರಿಗೆಲ್ಲ ಅಷ್ಟು ಕಣ್ಣು ಹಂಚಿದ ನನ್ನನ್ನು ನರಿಮೊಗರಿನ ಒಬ್ಬಳು ಎರಡೇ ಕಣ್ಣಿನಿಂದ ಆರು ವಾರ ಅನುಮಾನಿಸಿದಳು. ಅನುಮಾನಿಸುವಾಗ ಅವಳ ಎಡಗಡೆಯ ಹುಬ್ಬು ಮಾತ್ರ ಕೂದಲೆಳೆಯಷ್ಟು ಮೇಲೇಳುತ್ತದೆ. ಆ ಹುಬ್ಬಿಗಾಗಿಯೇ ಮನುಷ್ಯ ತಪ್ಪು ಮಾಡಬಹುದು ಎಂದು ನನಗೆ ಮೊದಲ ದಿನವೇ ಅನ್ನಿಸಿತು.

ಅವಳ ಹೆಸರು ಹೇಮಶ್ರೀ. ಕಡಬದಲ್ಲಿರುವ ಅವಳ ಅಕ್ಕನ ಮನೆಗೆ ಕ್ಯಾಮರಾ ಹಾಕಿದ್ದು ನಾನು. ಆ ಗುರುತಿನಿಂದ ಮಾರ್ಚ್ ಕೊನೆಯಲ್ಲಿ ಫೋನ್ ಬಂತು. ಹೋದೆ. ಗೇಟು ತೆರೆಯಲಿಲ್ಲ. ಹೆಲ್ಮೆಟ್ ತೆಗೆಯಿರಿ ಎಂದಳು. ತೆಗೆದೆ. ವಾಟ್ಸಾಪಿನಲ್ಲಿದ್ದ ನನ್ನ ಫೋಟೋವನ್ನು ನನ್ನ ಮುಖದ ಪಕ್ಕ ಹಿಡಿದು ನೋಡಿದಳು. ಆಮೇಲೆ ಬೈಕಿನ ಹಿಂದೆ ಹೋಗಿ ನಂಬರ್ ಪ್ಲೇಟಿನ ಫೋಟೋ ತೆಗೆದಳು. ನನ್ನ ಜೀವನದಲ್ಲಿ ಯಾವ ಹೆಣ್ಣೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಕ್ಯಾಮರಾ ಬರೀ ಕಣ್ಣು, ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ಡಿವಿಆರ್ ಎಂಬ ಪೆಟ್ಟಿಗೆ, ಆದ್ದರಿಂದ ಆರಿಸಬೇಕಾದದ್ದು ಅದನ್ನು ಎಂದು ನಾನು ವಿವರಿಸತೊಡಗಿದ್ದೆ. ಅವಳಿಗೆ ಬೇಕಾದದ್ದು ಒಂದೇ ವಿಷಯ.

"ಅದರ ಪಾಸ್‌ವರ್ಡ್ ಯಾರ ಹತ್ರ ಇರ್ತದೆ?"

"ನಿಮ್ಮ ಹತ್ರ."

"ನಿಮ್ಮ ಹತ್ರ?"

"ನನಗೆ ಎಲ್ಲ ಮರೆತು ಹೋಗ್ತದೆ."

"ಮರೆಯುದು ಅಂದ್ರೆ ಒಮ್ಮೆ ಗೊತ್ತಿತ್ತು ಅಂತ ಆಯ್ತಲ್ಲ," ಎಂದಳು. ಹುಬ್ಬು ಎದ್ದಿತು.

ಮನೆಯ ಹಿಂದೆ ಹಲಸಿನ ಮರ. ಅವಳ ಅಜ್ಜಿ ನೆಟ್ಟದ್ದು. ಹಣ್ಣು ಬಿಡಿಸಿದರೆ ಸೊಳೆ ಕುಂಕುಮದ ಕೆಂಪು. ಅದರ ಒಂದು ಸೊಳೆ ತಿಂದ ಎಂಬತ್ತರ ಮುದುಕನಿಗೆ ಎರಡು ಹೊಸ ಹಲ್ಲು ಬಂದದ್ದನ್ನು ನಾನು ಬಲ್ಲೆ; ಇರಲಿ. ಆ ಮರದ ಎಳೆಯ ಗೆಲ್ಲಿನ ತುದಿಯನ್ನು ಗೇಣುದ್ದ ಕೊಯ್ದು ಬೇರೆ ಸಸಿಗೆ ಕಸಿ ಕಟ್ಟಿದರೆ ಅದರಲ್ಲಿಯೂ ಅದೇ ಕೆಂಪು ಹಣ್ಣು. ಹೇಮಶ್ರೀ ಮಾಡುವ ಕೆಲಸ ಅದು. ರಸ್ತೆ ಬದಿಯಲ್ಲಿ ಅವಳದೇ ನರ್ಸರಿ. ಈ ತಳಿ ಸಿಗುವುದು ಅವಳಲ್ಲಿ ಮಾತ್ರ. ಪಿಯುಸಿ ಕಲಿಸುವ ಕೆಲಸ ಬಿಟ್ಟು ಅದಕ್ಕೆ ಇಳಿದಾಗ ನಕ್ಕವರು ಈಗ ಗಿಡಕ್ಕೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ.

ಕಸಿಗೆ ಬೇಕಾದ ಆ ಕಡ್ಡಿಗಳನ್ನು ಯಾರೋ ಕದಿಯುತ್ತಿದ್ದರು. ಕೈಗೆ ಎಟಕುವ ಗೆಲ್ಲುಗಳೆಲ್ಲ ಬೋಳಾಗಿದ್ದವು. ಮಳೆಗಾಲ ಹಿಡಿಯುವ ಮೊದಲು ಕೊಡುತ್ತೇನೆಂದು ಮಾತು ಕೊಟ್ಟ ಗಿಡಗಳಿಗೆ ಕಡ್ಡಿ ಸಾಲದೆ ಹೋದರೆ ಅವಳ ಹೆಸರು ಹೋಗುತ್ತದೆ. ಕದ್ದವನು ತಾನೇ ಕಸಿ ಕಟ್ಟಿ ಮಾರತೊಡಗಿದರೆ ನರ್ಸರಿಯೇ ಹೋಗುತ್ತದೆ. ಅದನ್ನು ಹೇಳುವಾಗ ಅವಳು ದನಿ ಏರಿಸಲಿಲ್ಲ. ಕೊಯ್ದ ಗೆಲ್ಲಿನ ತುದಿಯನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಿದ್ದಳು, ಗಾಯ ಸವರಿದ ಹಾಗೆ.

ಯಾರ ಮೇಲೆ ಅನುಮಾನ ಎಂದು ಕೇಳಿದೆ. ಬೇಲಿಯ ಆಚೆಗೆ ಗಲ್ಲ ತೋರಿಸಿದಳು. ಅಲ್ಲಿ ಪದ್ಮಯ್ಯನವರ ಮನೆ. ಅರುವತ್ತು ದಾಟಿದವರು, ಎರಡು ದನ ಸಾಕಿ ಸುತ್ತಲಿನ ಮನೆಗಳಿಗೆ ಹಾಲು ಕೊಡುವವರು. ಈ ವರ್ಷ ಇದ್ದಕ್ಕಿದ್ದ ಹಾಗೆ ಹಸಿರು ನೆರಳುಬಲೆ ಕಟ್ಟಿ, ಅದರಡಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಹಲಸಿನ ಸಸಿ ಎಬ್ಬಿಸಿದ್ದರು. ಹಾಲು ಕರೆಯುವವನಿಗೆ ಹಲಸಿನ ಸಸಿ ಎಂತಕ್ಕೆ? ಹೇಮಶ್ರೀ ಆ ಮನೆಯ ಹಾಲು ನಿಲ್ಲಿಸಿದ್ದಳು, ಮಾತೂ ನಿಲ್ಲಿಸಿದ್ದಳು.

ಅಷ್ಟರಲ್ಲಿ ನರ್ಸರಿಗೆ ಯಾರೋ ಬಂದರೆಂದು ಅವಳು ಹೋದಳು. ಅವಳ ತಾಯಿ ಸೇವಂತಿಯಮ್ಮ ನನಗೆ ಪುನರ್ಪುಳಿ ಶರಬತ್ತು ಕೊಟ್ಟು, ಯಾವ ಊರು, ಯಾವ ಮನೆ, ಯಾವ ಬಳಿ ಎಂದು ಕೇಳಿದರು. ನಮ್ಮ ಗೌಡರಲ್ಲಿ ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ನಮ್ಮದು ಬೇರೆ, ಅವರದು ಬೇರೆ ಎಂದು ತಿಳಿದಾಗ ಶರಬತ್ತು ಸಿಹಿಯಾಯಿತು. ಆ ಅರ್ಧ ಗಂಟೆಯಲ್ಲಿ ಬೇರೆ ವಿಶೇಷವೇನೂ ನಡೆಯಲಿಲ್ಲ. ಓದುಗರು ಮುಂದೆ ಹೋಗಬಹುದು.

ಮೊದಲ ಡಿವಿಆರ್ ನಾಲ್ಕು ಚಾನೆಲ್ಲಿನದು. ನಾಲ್ಕು ಕ್ಯಾಮರಾ ಹಿಡಿಯುತ್ತದೆ. ಮರಕ್ಕೆ ದಿಕ್ಕು ನಾಲ್ಕೇ. ಒಳಗೆ ಸಿಸಿಟಿವಿಗೆಂದೇ ಮಾಡಿದ ಹಾರ್ಡ್ ಡಿಸ್ಕ್. ಇಪ್ಪತ್ತು ದಿನದ ಚಿತ್ರ ಹಿಡಿಸುತ್ತದೆ, ಆಮೇಲೆ ಹಳೆಯದು ಅಳಿಸಿ ಹೊಸದು ಬರುತ್ತದೆ ಎಂದೆ.

"ಯಾರು ಅಳಿಸುದು?"

"ಅದೇ."

"ಅದೇ ಅಂದ್ರೆ ಯಾರು?"

ಪೆಟ್ಟಿಗೆ ತಾನಾಗಿಯೇ ಅಳಿಸುತ್ತದೆ ಎಂಬ ಮಾತನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ನನ್ನ ಹೆಸರು, ತಾರೀಕು, ಗಂಟೆ ಹಾಕಿದಳು. ಪಾಸ್‌ವರ್ಡ್ ಹಾಕುವಾಗ ನಾನು ಗೋಡೆಗೆ ಮುಖ ಮಾಡಿ ನಿಂತೆ. ಸಾಲದು, ಕಣ್ಣೂ ಮುಚ್ಚಿ ಎಂದಳು. ಮುಚ್ಚಿದೆ. ಮೌಸಿನ ಟಿಕ್ ಟಿಕ್ ಕೇಳಿಸುತ್ತಿತ್ತು, ನಡುವೆ ಅವಳ ಬಳೆಯದೊಂದು ಸದ್ದು. ಒಂಬತ್ತು ಅಕ್ಷರದ ಪಾಸ್‌ವರ್ಡ್, ಹದಿಮೂರು ಬಳೆಸದ್ದು. ನಾನು ಎಣಿಸಿದ್ದು ಅದನ್ನು.

ವಾರ ಕಳೆದು ನಾನೇ ಫೋನ್ ಮಾಡಿ, ಆ ಪೆಟ್ಟಿಗೆಯಲ್ಲಿ ಒಂದು ಸೂಕ್ಷ್ಮವಾದ ಸಮಸ್ಯೆ ಉಂಟು, ಗಿರಾಕಿಗೆ ಮೋಸ ಮಾಡುವ ಜಾತಿ ನನ್ನದಲ್ಲ ಎಂದು ಹೇಳಿ ಎಂಟು ಚಾನೆಲ್ಲಿನದು ಒಯ್ದೆ. ಅವಳು ನೋಟ್‌ಬುಕ್ ತೆರೆದಳು. ಇಪ್ಪತ್ತೊಂಬತ್ತನೇ ತಾರೀಕು ಹನ್ನೊಂದು ಗಂಟೆಗೆ ಇದರಷ್ಟು ಒಳ್ಳೆಯ ಪೆಟ್ಟಿಗೆ ಮೂರು ತಾಲೂಕಿನಲ್ಲಿಲ್ಲ ಅಂದಿದ್ದೀರಿ ಎಂದು ಓದಿದಳು. ಆಗ ಇರಲಿಲ್ಲ, ಈಗ ಬಂದಿದೆ ಎಂದೆ. ಒಂದು ಮರಕ್ಕೆ ಎಂಟು ಚಾನೆಲ್ ಎಂತಕ್ಕೆ ಎಂದು ಕೇಳಿದಳು. ದೇವರು ದಿಕ್ಕು ಮಾಡಿದ್ದು ಎಂಟು ಎಂದೆ. ಅದನ್ನೂ ಬರೆದುಕೊಂಡಳು. ಬರೆಯುವಾಗ ತುಟಿಯ ಒಂದು ಮೂಲೆ ನಡುಗಿತು, ನಗಲಿಲ್ಲ.

ಆ ದಿನ ಮಾನಿಟರನ್ನು ಊಟದ ಮೇಜಿನ ಮೇಲಿಟ್ಟು ಚಿತ್ರ ಸರಿಮಾಡುತ್ತಿದ್ದೆವು. ಜಗಲಿ, ಗೇಟು, ಮರ, ನಾವು ಕುಳಿತ ಕೋಣೆಯ ಬಾಗಿಲು, ಒಂದೊಂದು ಚೌಕದಲ್ಲಿ ಒಂದೊಂದು. ಅವಳು ನನ್ನ ಕಡೆ ತಿರುಗುತ್ತಿರಲಿಲ್ಲ. ಆದರೆ ನಾಲ್ಕನೆಯ ಚೌಕದಲ್ಲಿ ಕಾಣುವ ನನ್ನನ್ನು ನೋಡುತ್ತಿದ್ದಳು. ಅದು ನನಗೆ ಹೇಗೆ ಗೊತ್ತು? ನಾನೂ ಅಲ್ಲಿಯೇ ಅವಳನ್ನು ನೋಡುತ್ತಿದ್ದೆ. ಬೆರಳುದ್ದದ ಅವಳು, ಬೆರಳುದ್ದದ ನಾನು. ಪೆಟ್ಟಿಗೆಯೊಳಗೆ ನಮ್ಮಿಬ್ಬರ ಕಣ್ಣು ಕೂಡಿತು. ಮೇಜಿನ ಬಳಿ ಒಬ್ಬರೂ ಇನ್ನೊಬ್ಬರ ಕಡೆ ತಿರುಗಲಿಲ್ಲ.

"ಈ ಬಾಗಿಲಿನ ಕ್ಯಾಮರಾ ಬೇಡ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಇಲ್ಲಿಂದ ಕಳ್ಳ ಬರುದಿಲ್ಲ."

"ಯಾರಿಗೆ ಗೊತ್ತು?" ಎಂದೆ.

ಮೂರನೆಯ ಡಿವಿಆರ್ ಬುದ್ಧಿವಂತ. ಮನುಷ್ಯ ಕಂಡರೆ ಮೊಬೈಲಿಗೆ ಗಂಟೆ ಹೊಡೆಯುತ್ತದೆ ಎಂದು ಹೇಳಿ ಇಟ್ಟುಬಂದೆ. ಮೊದಲ ದಿನ ಅವಳ ಮೊಬೈಲು ನಾನ್ನೂರ ಹನ್ನೆರಡು ಸಲ ಬಡಿದುಕೊಂಡಿತು. ಹಲಸಿನ ಎಲೆ ಬಿದ್ದದ್ದು, ಹುಂಜ ಓಡಾಡಿದ್ದು, ಸೇವಂತಿಯಮ್ಮನ ಸೀರೆ ಒಣಗಿದ್ದು, ಎಲ್ಲವೂ ಅದಕ್ಕೆ ಮನುಷ್ಯರೇ. ಕಳ್ಳ ಮಾತ್ರ ಅದಕ್ಕೆ ಮನುಷ್ಯನಂತೆ ಕಾಣಲಿಲ್ಲ. ಕಡ್ಡಿ ಹೋಗುತ್ತಲೇ ಇತ್ತು.

ನಾಲ್ಕನೆಯ ವಾರ ಅವಳೇ ಕರೆದಳು. ದನಿ ಒಣಗಿತ್ತು. ಹೋದಾಗ ಕುರ್ಚಿ ತೋರಿಸಿ ಎದುರು ಕುಳಿತಳು. ಇಪ್ಪತ್ತು ಚಿಗುರುಗಳಿಗೆ ಉಗುರಿನ ಕೆಂಪು ಬಣ್ಣ ಹಚ್ಚಿಟ್ಟಿದ್ದಳಂತೆ, ಏಳು ಇಲ್ಲ. ರೆಕಾರ್ಡಿಂಗ್ ಪೂರಾ ನೋಡಿದಳಂತೆ, ಕಳ್ಳ ಇಲ್ಲ. ಆದರೆ ಕೆಲವು ದಿನ ಮಧ್ಯಾಹ್ನದ ನಂತರ ಒಂದು ತಾಸಿನ ಚಿತ್ರವೇ ಇಲ್ಲ. ಬಿದ್ದುಹೋದ ಹಲ್ಲಿನ ಜಾಗದ ಹಾಗೆ ಖಾಲಿ.

"ಪೆಟ್ಟಿಗೆ ತಂದದ್ದು ನೀವು. ತೆಗೆದದ್ದು ನೀವು. ಬದಲಾಯಿಸಿದ್ದು ನೀವು," ಎಂದಳು. "ಶುಕ್ರವಾರ ನಾಲ್ಕು ಗಂಟೆಗೆ ಎಲ್ಲಿದ್ರಿ?"

"ಸುಳ್ಯದಲ್ಲಿ."

"ಶುಕೂರ್ ಅವರಿಗೆ ಫೋನ್ ಮಾಡಿದ್ದೆ. ನರಿಮೊಗರಿಗೆ ಅಂತ ಹೇಳಿ ಹೋಗಿದ್ದಾನೆ ಅಂದ್ರು."

ಸತ್ಯ ಹೇಳುವವನನ್ನು ಪಾಲುದಾರನಾಗಿ ಇಟ್ಟುಕೊಂಡರೆ ಹೀಗೆಯೇ. ಸುಳ್ಯಕ್ಕೆ ಹೊರಟವನು ಇಲ್ಲಿಗೆ ಬರೋಣ ಎಂದು ತಿರುಗಿದೆ, ಸವಣೂರಿನಲ್ಲಿ ಮಳೆಗೆ ಸಿಕ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತೆ, ಆಮೇಲೆ ವಾಪಸು ಹೋದೆ ಎಂದೆ. ಅವಳು ಬರೆದುಕೊಳ್ಳಲಿಲ್ಲ. ನೋಟ್‌ಬುಕ್ ಮುಚ್ಚಿಯೇ ಇತ್ತು. ಬರೆದುಕೊಳ್ಳದಿದ್ದಾಗ ಅವಳ ಅನುಮಾನ ಎಷ್ಟು ಭಾರ ಎಂದು ಅಂದು ತಿಳಿಯಿತು.

ಆಗ ನಾನು ನನ್ನ ಬುದ್ಧಿಯನ್ನು ಹೊರಗೆ ತೆಗೆದೆ. ಕಣ್ಣು ಮುಚ್ಚಿದೆ. ಮೂರೇ ನಿಮಿಷ. ದೊಡ್ಡ ದೊಡ್ಡ ಪೊಲೀಸರು ಮೂರು ತಿಂಗಳಲ್ಲಿ ಹಿಡಿಯದ್ದು ನನ್ನ ತಲೆಗೆ ಮಿಂಚಿತು. ಖಾಲಿ ಇರುವ ದಿನಗಳನ್ನು ಓದಿ ಎಂದೆ. ಓದಿದಳು. ಅಷ್ಟೂ ಗುಡುಗು ಬಂದ ದಿನಗಳು.

ನಮ್ಮ ಕಡೆ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ದೂರದಲ್ಲಿ ಒಮ್ಮೆ ಗುಡುಗಿದರೆ ಸಾಕು, ಮನೆಯಲ್ಲಿರುವ ಪ್ರತಿಯೊಂದು ಪ್ಲಗ್ಗೂ ಗೋಡೆಯಿಂದ ಹೊರಗೆ ಬರುತ್ತದೆ. ಟಿವಿ, ಫ್ರಿಜ್, ವೈಫೈ, ಇನ್ವರ್ಟರ್. ಯಾರ ಮನೆಯ ಟಿವಿಯನ್ನು ಸಿಡಿಲು ಯಾವ ವರ್ಷ ತಿಂದಿತು ಎಂಬುದು ಮಕ್ಕಳಿಗೂ ಬಾಯಿಪಾಠ. ಇನ್ನು ಮೂಲೆಯಲ್ಲಿ ಕೂತು ಹಸಿರು ದೀಪ ಮಿಟುಕಿಸುವ ಡಿವಿಆರನ್ನು ಬಿಟ್ಟಾರೆಯೇ?

ಸೇವಂತಿಯಮ್ಮ ಅಡಿಗೆಮನೆಯಿಂದಲೇ ಒಪ್ಪಿಕೊಂಡರು. ಹೌದು, ತೆಗೆಯುವುದು ತಾನೇ, ಅಷ್ಟು ದೊಡ್ಡ ಸಾಮಾನು ಸುಟ್ಟುಹೋದರೆ ಯಾರು ಉತ್ತರ ಹೇಳುವುದು ಎಂದರು.

ಹೇಮಶ್ರೀಯ ಭುಜ ಸ್ವಲ್ಪ ಇಳಿಯಿತು. ನನ್ನನ್ನು ನೋಡಿದಳು. ಚೌಕದಲ್ಲಿ ಅಲ್ಲ, ನೇರ. ಆ ನೋಟದಲ್ಲಿ ಒಂದು ಕ್ಷಮೆಯಾಚನೆ ಇತ್ತು, ಅದರ ಹಿಂದೆ ಇನ್ನೂ ಒಂದು ಏನೋ. ನಾನು ಅದನ್ನು ಪೂರ್ತಿ ನೋಡುವ ಮೊದಲೇ ಹುಬ್ಬು ಮತ್ತೆ ಎದ್ದಿತು.

"ಅಮ್ಮ ಪ್ಲಗ್ ತೆಗೆದದ್ದು ಕಳ್ಳನಿಗೆ ಹೇಗೆ ಗೊತ್ತು?"

ನಾನು ಸುಮ್ಮನಿದ್ದೆ.

"ಪಕ್ಕದಲ್ಲೇ ಇರುವವರಿಗೆ ಗೊತ್ತಿರ್ತದೆ," ಎಂದು ಅವಳೇ ಉತ್ತರ ಕೊಟ್ಟುಕೊಂಡಳು.

ಆಗಲೂ ನಾನು ಸುಮ್ಮನಿದ್ದೆ. ನಾನು ಆಡಿದ ಸಾವಿರ ಮಾತಿಗಿಂತ ಕೆಟ್ಟದ್ದು ಆ ಎರಡನೆಯ ಸುಮ್ಮನಿರುವಿಕೆ. ಬರುವ ಸೋಮವಾರ ಪುತ್ತೂರು ಸ್ಟೇಷನ್ನಿಗೆ ಹೋಗಿ ಪದ್ಮಯ್ಯನವರ ಮೇಲೆ ದೂರು ಕೊಡುತ್ತೇನೆ ಎಂದಳು. ಎರಡು ವಾರ ತಡೆಯಿರಿ, ಕರೆಂಟು ಇಲ್ಲದಿದ್ದರೂ ಓಡುವ ನಾಲ್ಕನೆಯ ಡಿವಿಆರ್ ತರಿಸುತ್ತೇನೆ, ಸಾಕ್ಷಿ ಇಟ್ಟುಕೊಂಡೇ ಹೋಗುವ ಎಂದೆ. ಅವಳು ನನ್ನ ಮುಖ ನೋಡಿದಳು. ಆಗಲಿ ಎಂದಳು. ಅಷ್ಟು ಬೇಗ ಒಪ್ಪಿದ್ದು ಏಕೆಂದು ಅನುಮಾನಪಡಬೇಕಾದವನು ನಾನು. ಅವಳು ನನ್ನನ್ನು ನಂಬಿದಳು ಎಂಬ ಖುಷಿಯಲ್ಲಿ ಕಡಬದವರೆಗೂ ಬೈಕು ನೆಲ ಮುಟ್ಟಲಿಲ್ಲ.

ಹನ್ನೆರಡನೆಯ ದಿನ ಶನಿವಾರ ಸಂಜೆ ಬನ್ನಿ, ಪೆಟ್ಟಿಗೆ ತರುವುದು ಬೇಡ ಎಂದು ಮೆಸೇಜು ಬಂತು. ನಾನು ಹೊಸ ಡಿವಿಆರನ್ನು ಬ್ಯಾಗಿಗೆ ಹಾಕಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಹೋದೆ.

ಊಟದ ಮೇಜಿನ ಬಳಿ ಪದ್ಮಯ್ಯನವರು ಕುಳಿತಿದ್ದರು, ಮುಂದೆ ಮುಟ್ಟದ ಕಾಫಿ. ಬಾಗಿಲ ದಾರಂದಕ್ಕೆ ಒರಗಿ ಸೇವಂತಿಯಮ್ಮ. ಮಾನಿಟರು ಇರಲಿಲ್ಲ, ಹೇಮಶ್ರೀಯ ಲ್ಯಾಪ್‌ಟಾಪ್ ಇತ್ತು. ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದೊಂದು ಕ್ಯಾಮರಾ. ಬ್ಯಾಟರಿಯದು, ಒಳಗೇ ಮೆಮೊರಿ ಕಾರ್ಡು, ಪ್ಲಗ್ಗಿನ ಸುದ್ದಿಯೇ ಇಲ್ಲ. ಆನ್‌ಲೈನಿನಲ್ಲಿ ತರಿಸಿ ಪೇರಳೆ ಮರದ ಎಲೆಯ ನಡುವೆ ಕಟ್ಟಿದ್ದಳಂತೆ. ಯಾರಿಗೂ ಹೇಳಿರಲಿಲ್ಲ.

ಅವಳು ಒತ್ತಿದಳು.

ಪರದೆಯಲ್ಲಿ ಹಲಸಿನ ಮರ. ಗುಡುಗು. ಸೇವಂತಿಯಮ್ಮ ಮನೆಯೊಳಗೆ ಹೋಗಿ ಹೊರಗೆ ಬಂದು, ಮರಕ್ಕೆ ಬೆನ್ನು ಹಾಕಿ, ತೊಂಡೆ ಚಪ್ಪರವನ್ನು ಹಿಂದೆಂದೂ ನೋಡದವರ ಹಾಗೆ ನೋಡುತ್ತ ನಿಂತರು. ಕೆಳಗಿನ ಮನೆಗಳ ಇಬ್ಬರು ಹೆಂಗಸರು ಬಂದರು. ಒಂದೊಂದು ಕಡ್ಡಿ ಕೊಯ್ದರು. ಒಂದು ಮಾತೂ ಆಡದೆ ಹೋದರು. ಮತ್ತೊಂದು ಗುಡುಗಿನ ದಿನ, ಮತ್ತೊಬ್ಬರು. ಬೇಲಿಯ ಆಚೆಯಿಂದ ಯಾರೂ ಬರಲಿಲ್ಲ.

ಕೊಟ್ಟ ಗಿಡ ಬದುಕುವುದಿಲ್ಲ, ಕದ್ದ ಗಿಡ ಸೊಕ್ಕಿ ಬೆಳೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ದಾಸವಾಳದ ಗೆಲ್ಲಿನಿಂದ ಹಿಡಿದು ವೀಳ್ಯದ ಬಳ್ಳಿಯವರೆಗೆ, ಬೇಕಾದವರು ಯಜಮಾನಿಯ ಎದುರೇ ಕದಿಯುತ್ತಾರೆ; ಅವಳು ಬೇರೆ ಕಡೆ ತಿರುಗಿ ನಿಲ್ಲುತ್ತಾಳೆ. ಅದೇ ಮರ್ಯಾದೆ.

"ಕೇಳಿದವರಿಗೆ ಇಲ್ಲ ಅನ್ಲಿಕ್ಕೆ ನನಗೆ ಬಾಯಿ ಬರುದಿಲ್ಲ," ಎಂದರು ಸೇವಂತಿಯಮ್ಮ ಮೆಲ್ಲಗೆ. "ಕೊಟ್ರೆ ನಿನಗೆ ಮೋಸ. ಅದಕ್ಕೆ ನಾನು ಕೊಡುದಿಲ್ಲ ಮಗಾ. ನೋಡುದೂ ಇಲ್ಲ."

ಹೇಮಶ್ರೀ ಇನ್ನೊಂದು ತುಣುಕು ಉಂಟು ಎಂದು ಹೇಳಿ ಒತ್ತಿದಳು.

ಮತ್ತೆ ಗುಡುಗು. ಮರದಡಿಗೆ ಹೆಲ್ಮೆಟ್ ಹಾಕಿದ ಒಬ್ಬ ಗಂಡಸು ಬಂದ. ಮುಖ ಕಾಣುವುದಿಲ್ಲ. ಆದರೆ ಆ ಹಾಳು ಕ್ಯಾಮರಾಕ್ಕೆ ಕಿವಿಯೂ ಇತ್ತು.

"ಪ್ಲಗ್ ತೆಗ್ದಾಯ್ತಾ ಅತ್ತೆ?" ಎಂದಿತು ನನ್ನ ದನಿ.

"ತೆಗ್ದೆ. ನೀನು ಬೇಗ ಕೊಯ್ದುಕೊಂಡು ಹೋಗು. ಅವಳು ಬರುವ ಹೊತ್ತಾಯ್ತು."

"ನಾನು ಕಾಯುದೇ ಅವಳು ಬರುದನ್ನು ಅಲ್ವಾ ಅತ್ತೆ. ಕಡ್ಡಿ ಎಂತ, ಕಡ್ಡಿ ಕಡಬದಲ್ಲೂ ಸಿಗ್ತದೆ."

ಹೇಮಶ್ರೀ ನಿಲ್ಲಿಸಿದಳು. ಹೊರಗೆ ಪದ್ಮಯ್ಯನವರ ದನ ಒಮ್ಮೆ ಕೂಗಿತು. ನನ್ನ ಕಿವಿ ಎಷ್ಟು ಬಿಸಿಯಾಗಿತ್ತೆಂದರೆ ಅದರಲ್ಲಿ ಹಪ್ಪಳ ಸುಡಬಹುದಿತ್ತು. ಇದು ಹೆಚ್ಚು ಮಾಡಿ ಹೇಳಿದ್ದಲ್ಲ.

"ಅತ್ತೆ," ಎಂದಳು ಅವಳು. ಪ್ರಶ್ನೆಯಲ್ಲ, ಓದಿ ಹೇಳಿದ ಹಾಗೆ. ಆರು ವಾರ ಅವಳ ಎದುರು ನಾನು ಸೇವಂತಿಯಮ್ಮನನ್ನು ಕರೆದದ್ದು ಆಂಟಿ ಎಂದು. ಚಿಕ್ಕಮ್ಮ ಎಂದಿದ್ದರೆ ಮಗಳು ತಂಗಿಯಾಗುತ್ತಾಳೆ; ಅತ್ತೆ ಎಂದರೆ ಏನಾಗುತ್ತಾಳೆ ಎಂದು ಆ ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. "ಅದು ಆಮೇಲೆ. ಮೊದಲು ಇದು ಹೇಳಿ. ಯಾವಾಗಿಂದ ಗೊತ್ತಿತ್ತು ನಿಮಗೆ?"

ನಾನು ಸುಳ್ಳು ಹುಡುಕಿದೆ. ನನ್ನ ತಲೆಯಲ್ಲಿ ಯಾವಾಗಲೂ ಹತ್ತಾರು ಸಿದ್ಧವಿರುತ್ತವೆ, ಅಂದು ಒಂದೂ ಕೈಗೆ ಸಿಗಲಿಲ್ಲ.

"ಮೊದಲ ದಿನದಿಂದ," ಎಂದೆ.

ಅವಳು ನರ್ಸರಿಗೆ ಹೋದ ಆ ಅರ್ಧ ಗಂಟೆಯಲ್ಲಿ ಗುಡುಗಿತ್ತು. ಸೇವಂತಿಯಮ್ಮ ಟಿವಿಯ ಪ್ಲಗ್ ತೆಗೆದರು. ಯಾರೋ ಬಂದು ಕಡ್ಡಿ ಕೊಯ್ದದ್ದನ್ನು ನಾನು ಜಗಲಿಯಿಂದ ನೋಡಿದೆ. ನಿನಗೂ ಬೇಕಾದರೆ ನಾನು ಆ ಕಡೆ ತಿರುಗುತ್ತೇನೆ ಎಂದು ಸೇವಂತಿಯಮ್ಮ ಹೇಳಿದರು. ತಿರುಗಿದರು. ನಾನೂ ಒಂದು ಕದ್ದೆ. ಮೂರು ನಿಮಿಷ ಕಣ್ಣು ಮುಚ್ಚಿ ನಾನು ಕಂಡುಹಿಡಿದದ್ದೆಂದು ಓದುವ ನಿಮಗೂ ಹೇಳಿದೆನಲ್ಲ, ಅದು ಕಂಡುಹಿಡಿದದ್ದಲ್ಲ. ಗೊತ್ತಿದ್ದದ್ದನ್ನು ಅರ್ಧ ಹೇಳಿದ್ದು. ಸವಣೂರಿನ ಮಳೆಯೂ ಇಲ್ಲ, ಬಸ್‌ಸ್ಟ್ಯಾಂಡೂ ಇಲ್ಲ. ಆ ಶುಕ್ರವಾರ ನಾನು ಈ ಮನೆಯ ಜಗಲಿಯಲ್ಲೇ ಇದ್ದೆ. ಕಳ್ಳ ಯಾರೆಂದು ಪೂರ್ತಿ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು; ಕ್ಯಾಮರಾ ಬೇಡ, ಡಿವಿಆರ್ ಬೇಡ, ನರಿಮೊಗರಿನ ದಾರಿ ನನಗೆ ಬೇಡ. ಇದನ್ನೆಲ್ಲ ಅವಳ ಎದುರು, ಪದ್ಮಯ್ಯನವರ ಎದುರು, ಹೀಗೆಯೇ ಹೇಳಿದೆ. ನಾನು ಅಷ್ಟು ಚಿಕ್ಕ ಕಥೆಯನ್ನು ಜೀವನದಲ್ಲಿ ಹೇಳಿಲ್ಲ.

"ನಾನು ಸೋಮವಾರ ಸ್ಟೇಷನ್ನಿಗೆ ಹೋಗಿದ್ರೆ ಎಂತ ಮಾಡ್ತಿದ್ರಿ?"

"ಗೊತ್ತಿಲ್ಲ," ಎಂದೆ. ಅದು ಸತ್ಯವಾಗಿತ್ತು, ಅದಕ್ಕೇ ಅಷ್ಟು ನಾಚಿಕೆಯಾಯಿತು.

ಅವಳು ಎದ್ದು ಪದ್ಮಯ್ಯನವರ ಕಡೆ ತಿರುಗಿದಳು. ಮಾಮ, ತಪ್ಪಾಯಿತು ಎಂದಳು. ಕಣ್ಣು ತುಂಬಿತ್ತು. ಅವರು ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಆ ಸಸಿಗಳನ್ನು ಮಾಡಿದ್ದು ಅವಳಿಂದ ಕಸಿ ಕಲಿಯುವ ಆಸೆಯಿಂದ, ಕೇಳೋಣವೆಂದರೆ ಅವಳು ಮುಖವನ್ನೇ ನೋಡುತ್ತಿರಲಿಲ್ಲ ಎಂದರು. ನಾಳೆಯಿಂದ ಹಾಲು ಬೇಕಾ ಎಂದು ಕೇಳಿದರು. ಬೇಕು ಎಂದಳು. ಸೇವಂತಿಯಮ್ಮ ಸೆರಗಿನಿಂದ ಮೂಗು ಒರಸಿಕೊಂಡು, ಅಜ್ಜಿ ಈ ಮರದ ಬೀಜವನ್ನು ಯಾರದೋ ಮದುವೆ ಮನೆಯಿಂದ ಸೆರಗಿನಲ್ಲಿ ಕಟ್ಟಿ ತಂದದ್ದು, ಕೇಳಿ ತಂದದ್ದಲ್ಲ ಎಂದು ಗೋಡೆಗೆ ಹೇಳುವ ಹಾಗೆ ಹೇಳಿ ಒಳಗೆ ಹೋದರು.

ನಾನು ಬ್ಯಾಗು ಎತ್ತಿಕೊಂಡೆ. ಹೇಮಶ್ರೀ ಗೇಟಿನವರೆಗೆ ಬಂದಳು. ನಂಬರ್ ಪ್ಲೇಟು ನೋಡಲಿಲ್ಲ, ಮೊಬೈಲು ತೆಗೆಯಲಿಲ್ಲ. ಬ್ಯಾಗಿನ ಉಬ್ಬನ್ನು ನೋಡಿದಳು.

"ತರ್ಬೇಡಿ ಅಂದ್ರೂ ತಂದಿದ್ದೀರಿ. ಈಗ ಸತ್ಯ ಹೇಳಿ, ನಾಲ್ಕರಲ್ಲಿ ಯಾವುದು ಇಡುದು?"

"ಮೊದಲನೆಯದ್ದೇ ಸಾಕಿತ್ತು," ಎಂದೆ. "ಅದರಲ್ಲಿ ಎಂತ ಸಮಸ್ಯೆಯೂ ಇರ್ಲಿಲ್ಲ. ಎರಡನೆಯದ್ದು, ಮೂರನೆಯದ್ದು, ಎಲ್ಲ ಸುಮ್ಮನೆ ತಂದದ್ದು. ಪೆಟ್ಟಿಗೆ ಸರಿ ಉಂಟು ಅಂತ ಹೇಳಿದ್ರೆ ನನಗೆ ಇಲ್ಲಿ ಮತ್ತೆ ಕೆಲಸ ಇರ್ಲಿಲ್ಲ."

ಗೇಟಿನ ಸರಳಿನ ಮೇಲೆ ಅವಳ ಬೆರಳು. ಉಗುರಿನ ಸಂದಿಯಲ್ಲಿ ಹಲಸಿನ ಮೇಣದ ಕಪ್ಪು.

"ಕೆಲಸ ಇಲ್ಲದೆ ಬರ್ಲಿಕ್ಕೆ ಎಂತ ತೊಂದರೆ?"

ನಾನು ಬ್ಯಾಗನ್ನು ಬೈಕಿನ ಮೇಲಿಟ್ಟೆ.

"ಧೈರ್ಯ ಇರ್ಲಿಲ್ಲ."

ಅವಳು ಕೇಳಿಸಿಕೊಂಡಳು. ಹುಬ್ಬನ್ನು ಹುಡುಕಿದೆ. ಅದು ಏಳಲಿಲ್ಲ. ಕೋಪ ಇಳಿದಿದೆಯೆಂದೂ ಅನ್ನಿಸಲಿಲ್ಲ. ಪದ್ಮಯ್ಯ ಮಾಮನ ವಿಷಯ ನಾನು ಮರೆಯುವುದಿಲ್ಲ, ಅದಕ್ಕೆ ನೀವು ತುಂಬ ದಿನ ದುಡಿಯಬೇಕು ಎಂದಳು. ದುಡಿಯುತ್ತೇನೆ ಎಂದೆ. ಇನ್ನು ಗುಡುಗು ಬರಲಿ ಬಿಡಲಿ, ಕಡ್ಡಿ ಬೇಕಾದವರು ನರ್ಸರಿಗೇ ಬಂದು ತನ್ನ ಎದುರೇ ಕದಿಯಲಿ, ಎಷ್ಟೆಂದು ತನಗಾದರೂ ಗೊತ್ತಿರಲಿ ಎಂದಳು. ಆಮೇಲೆ ನೆನಪಾದ ಹಾಗೆ ನಿಂತು ಕೇಳಿದಳು.

"ನೀವು ಕದ್ದದ್ದು ಚಿಗುರಿತಾ?"

ಶುಕೂರನಿಗೆ ಮೂರು ಎಲೆ ಬಂದಿದೆ ಎಂದು ಹೇಳಿದ್ದೆ. ನಮ್ಮ ಅಮ್ಮನಿಗೆ ಆರು ಎಂದಿದ್ದೆ. ಅಂಗಡಿಗೆ ಬಂದವರೊಬ್ಬರಿಗೆ ಬರುವ ವರ್ಷವೇ ಹಣ್ಣು ತಿನ್ನಿಸುತ್ತೇನೆ ಎಂದೂ ಮಾತು ಕೊಟ್ಟಿದ್ದೆ. ಅವಳು ಕಾಯುತ್ತಿದ್ದಳು.

"ಎರಡು ಕದ್ದೆ. ಎರಡೂ ಒಣಗಿಹೋಯ್ತು," ಎಂದೆ. "ನನಗೆ ಕಸಿ ಕಟ್ಲಿಕ್ಕೆ ಬರುದಿಲ್ಲ."

ಆರು ವಾರದಲ್ಲಿ ಮೊದಲ ಸಲ ಅವಳು ನಕ್ಕಳು. ಆ ನಗು ಹೇಗಿತ್ತೆಂದು ಹೇಳಲು ಹೊರಟರೆ ನಾನು ಮತ್ತೆ ಹೆಚ್ಚು ಮಾಡಿಯೇನು. ಅದಕ್ಕೆ ಬಿಡುತ್ತೇನೆ.

"ಆದಿತ್ಯವಾರ ಬನ್ನಿ," ಎಂದಳು, "ಕಲಿಸ್ತೇನೆ." ಗೇಟು ತೆರೆದೇ ಇತ್ತು.